ರಾಗಿಕಲ್ಲಿನ ಇಂಗ್ಲಿಷು

“ಇಲ್ಲೊಂದು ಹಾಳೆ ಇಲ್ಲ ಮೇಷ್ಟ್ರೇ,” ಅಂದ ದೇವೀರಪ್ಪ.

ಗಂಗಾಧರಯ್ಯ ಮೇಷ್ಟ್ರು ಜಗಲಿಯ ಕಂಬಕ್ಕೆ ಒರಗಿ ಕೂತು ಪಂಚೆಯ ಚುಂಗಿನಿಂದ ಕನ್ನಡಕ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ. “ಹಳೇ ಪುಸ್ತಕ ಕಣಯ್ಯ. ಹೊಲಿಗೆ ಬಿಟ್ಟಿರುತ್ತೆ.”

“ಹೊಲಿಗೆ ಗಟ್ಟಿಯಾಗೇ ಐತೆ. ಹಾಳೆ ಮಡಿಸಿ, ಮಡಿಕೆ ಮೇಲೆ ನೀರು ಸವರಿ, ಜೋಪಾನವಾಗಿ ಹರಿದವ್ರೆ. ಈ ಕಡೆ ಭಾನುವಾರದ್ದು ಐತೆ, ಆ ಕಡೆ ಮಂಗಳವಾರದ್ದು ಐತೆ. ಸೋಮವಾರದ್ದು ಮಾತ್ರ ಇಲ್ಲ.”

“ಹಂಗಾದ್ರೆ ಇಲಿ ತಿಂದಿದ್ದಲ್ಲ ಬಿಡು,” ಅಂದರು ಮೇಷ್ಟ್ರು, ಪಕ್ಕದ ಮನೆಯ ಸುದ್ದಿ ಮಾತಾಡುವವರ ಹಾಗೆ.

ಮಠದ ತಾಮ್ರಶಾಸನ ಮೇಷ್ಟ್ರ ಮನೆಯ ಅಟ್ಟದಿಂದ ಮಾಯವಾಗಿತ್ತು. ಮೇಷ್ಟ್ರನ್ನೇ ಹಿಡಿದು ತರೀಕೆರೆಗೆ ಕರೆತರಬೇಕೆಂಬ ಹುಕುಂ ಈ ದಿನ, ಶುಕ್ರವಾರ ಬೆಳಿಗ್ಗೆ, ಅಜ್ಜಂಪುರ ಠಾಣೆಯ ದಫೇದಾರ ದೇವೀರಪ್ಪನ ಜೇಬು ಸೇರಿತ್ತು. ಎರಡು ಗಂಟೆ ರೈಲಿಗೆ ಬೀರೂರು, ಅಲ್ಲಿ ಗಾಡಿ ಬದಲಾಯಿಸಿ ತರೀಕೆರೆ. ಈಗ ಹನ್ನೊಂದು ದಾಟಿತ್ತು.

ಎಪ್ಪತ್ತು ವರ್ಷದ ಮುದುಕ. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಅವರ ಕೈಗೆ ಹಗ್ಗ ಹಾಕಿ, ಸಂತೆಬೀದಿಯಲ್ಲಿ ನಡೆಸಿಕೊಂಡು ಸ್ಟೇಷನ್ನಿಗೆ ಹೋಗುವ ಕೆಲಸ ತನ್ನ ಹಣೆಗೇ ಬರಬೇಕೆ ಎಂದು ದೇವೀರಪ್ಪನಿಗೆ ಸಂಕಟ. ಬೆಳಿಗ್ಗೆ ಮುದ್ದೆ ಕೂಡ ಇಳಿದಿರಲಿಲ್ಲ.

ಇನ್ನು ಮೂರು ಗಂಟೆಯೊಳಗೆ ಏನಾದರೂ ಒಂದು ಸಿಕ್ಕಲೇಬೇಕು. ಅದಕ್ಕೇ ಬಂದು ಪಾಠದ ಪುಸ್ತಕ ಹಿಡಿದು ಕೂತಿದ್ದ.

ಪಾಠದ ಪುಸ್ತಕವೇ ಏಕೆ ಅನ್ನುತ್ತೀರೋ? ಅದನ್ನು ತಿಳಿಯಬೇಕಾದರೆ ಮೇಷ್ಟ್ರ ಪಾಠದ ವರಸೆ ತಿಳಿಯಬೇಕು.

ಮೇಷ್ಟ್ರು ಕಣ್ಣಾರೆ ಕಾಣದ್ದನ್ನು ಬರೆಯುವವರಲ್ಲ. ರಾಮನಿಂದ ರಾವಣನು ಕೊಲ್ಲಲ್ಪಟ್ಟನು ಎಂದು ಬೇರೆ ಪಂಡಿತರು ಬರೆಸಿದರೆ ಇವರಿಗೆ ಸಿಟ್ಟು ಬರುತ್ತಿತ್ತು. “ನೀನು ನೋಡಿದ್ಯಾ? ಮತ್ಯಾಕೆ ಬರೀತೀಯ?” ಎಂದು ಕೇಳುತ್ತಿದ್ದರು. ಇವರದು ಒಂದೇ ಪದ್ಧತಿ. ನಿನ್ನೆ ಮನೆಯಲ್ಲಿ, ಬೀದಿಯಲ್ಲಿ ಏನೇನಾಯಿತೋ ಅದನ್ನು ಇವತ್ತು ಬೆಳಿಗ್ಗೆ ಇಂಗ್ಲಿಷಿನಲ್ಲಿ ಬರೆಯುವುದು. ದಿನಕ್ಕೆ ಏಳು ವಾಕ್ಯ. ಒಂದೊಂದನ್ನೂ ಬರೆದು, ಮೂರು ಮೂರು ಸಲ ಗಟ್ಟಿಯಾಗಿ ಓದುವುದು. ಆಮೇಲೆ ಅದೇ ದೇವೀರಪ್ಪನ ಪಾಠ.

ಪುಸ್ತಕದ ಭಾನುವಾರದ ಪುಟವನ್ನೇ ನೋಡಿ. ದಿ ಕಾಫ್ ವಾಸ್ ಟೈಡ್ ಅಪ್: ಕರು ಕಟ್ಟಲ್ಪಟ್ಟಿತು. ದಿ ಬಾರ್ಬರ್ ವಾಸ್ ಸೆಂಟ್ ಅವೇ: ಕ್ಷೌರಿಕನನ್ನು ವಾಪಸು ಕಳಿಸಲಾಯಿತು. ದಿ ವೆಡ್ಡಿಂಗ್ ವಾಸ್ ಪುಟ್ ಆಫ್: ಎದುರುಮನೆ ಸಿದ್ದಪ್ಪನ ಮಗಳ ಮದುವೆ ಮುಂದಕ್ಕೆ ಹೋಯಿತು, ಪಾಪ. ಅಜ್ಜಂಪುರದ ಒಂದು ಬೀದಿಯ ಆರು ತಿಂಗಳ ಚರಿತ್ರೆ ಆ ಪುಸ್ತಕದಲ್ಲಿ ಕುಳಿತಿತ್ತು.

ಇದಕ್ಕೆ ಇನ್ನೊಂದು ಕಾರಣವೂ ಇತ್ತು, ಅದು ದೇವೀರಪ್ಪನಿಗೆ ಮಾತ್ರ ಗೊತ್ತು. ಮೇಷ್ಟ್ರಿಗೆ ಮರೆವು ಹತ್ತಿತ್ತು. ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

“ಸೋಮವಾರ ಯಾರು ಬಂದಿದ್ರು ಮೇಷ್ಟ್ರೇ? ನಾನು ಆಗ ಶಿವನಿ ಸ್ಟೇಷನ್ನಿನಾಗೆ ಕೊಬ್ಬರಿ ಮೂಟೆ ಕಳುವಿನ ತನಿಖೆಗೆ ಹೋಗಿದ್ದೆ. ಮಂಗಳವಾರ ರಾತ್ರಿ ಬಂದೆ. ನೀವು ಜ್ಞಾಪಿಸ್ಕೊಂಡು ಒಂದು ಹೆಸರು ಹೇಳಿ, ಸಾಕು.”

“ಮರೆತೆ ಕಣೋ.”

“ಒಬ್ರೇ? ಇಬ್ರೇ?”

“ಮರೆತೆ ಅಂದ್ನಲ್ಲ. ಹಗ್ಗ ತಂದಿದೀಯ ತಾನೆ? ತಗೊಂಡು ನಡಿ. ರೈಲಿನಲ್ಲಿ ಪಾಠ ಮಾಡ್ಕೊಂಡು ಹೋಗೋಣ. ಪುಟ್ ಇನ್ನೂ ನಿನಗೆ ಸರಿಯಾಗಿ ಕೂತಿಲ್ಲ.”

ದೇವೀರಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪುಟ್ ಅವನ ಪೂರ್ವಜನ್ಮದ ವೈರಿ. ಜಮಾದಾರನಾಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಆಗಲೇಬೇಕು ಎಂದು ಮೇಲಿನವರು ಹಟ ಹಿಡಿದಿದ್ದರು. ನಲವತ್ತೆರಡನೆಯ ವಯಸ್ಸಿನಲ್ಲಿ, ಮೀಸೆ ನರೆಯುವ ಹೊತ್ತಿನಲ್ಲಿ, ಹೋದ ವರ್ಷ ಒಮ್ಮೆ ಕೂತು ಡುಮ್ಕಿ ಹೊಡೆದು ಬಂದಿದ್ದ. ಇಡು ಎಂಬ ಮಾತಿಗೆ ಔಟ್ ಅಂಟಿಸಿದರೆ ದೀಪ ಆರುವುದೇಕೆ, ಆನ್ ಅಂಟಿಸಿದರೆ ಅಂಗಿ ತೊಡುವುದೇಕೆ, ಆಫ್ ಅಂಟಿಸಿದರೆ ಮದುವೆ ನಿಲ್ಲುವುದೇಕೆ ಎಂದು ಅವನು ಜಗಳಕ್ಕೇ ನಿಂತಿದ್ದ.

“ಕೈ ಹಿಡಿದ, ಕೈ ಕೊಟ್ಟ, ಕೈ ಮಾಡಿದ, ಕೈ ಬಿಟ್ಟ,” ಎಂದಿದ್ದರು ಮೇಷ್ಟ್ರು ಆವತ್ತು. “ಕೈ ಅದೇ ತಾನೆ? ಇದನ್ನೆಲ್ಲ ಯಾವ ಮೇಷ್ಟ್ರ ಹತ್ರ ಹೇಳಿಸ್ಕೊಂಡೆ ನೀನು? ಹಂಗೇ ಅವರಿಗೆ ಅದು.”

ಆ ಮಾತು ಅರ್ಥವಾಗಿತ್ತು. ಅರ್ಥವಾದ ಮೊದಲ ಇಂಗ್ಲಿಷ್ ಪಾಠ ಅದು. ಹಾಗೆ ಹೇಳಿಕೊಟ್ಟ ಮನುಷ್ಯನ ಕೈಗೆ ಹಗ್ಗ.

ದೇವೀರಪ್ಪ ಮತ್ತೆ ಪುಸ್ತಕಕ್ಕೆ ಬಗ್ಗಿದ. ಹರಿದ ಹಾಳೆಯ ಎದುರಿನ ಪುಟದ ಅಂಚಿನಲ್ಲಿ ಏನೋ ಮಸುಕಾಗಿ ಕಾಣುತ್ತಿತ್ತು. ಬೆಳಕಿಗೆ ಹಿಡಿದು ನೋಡಿದ. ಹೆಬ್ಬೆರಳ ಗುರುತು. ಮೂಸಿದ. ರಾಗಿ ಹಿಟ್ಟು.

ಹಾಳೆ ಹರಿದವರು ಬೀಸುವ ಕೆಲಸದಿಂದ ಎದ್ದು ಬಂದವರು. ಅಂದರೆ ಹೊರಗಿನವರಲ್ಲ.

ಅವನು ಪುಸ್ತಕ ಮುಚ್ಚಿ ಒಳಗೆ ನೋಡಿದ. ಪಡಸಾಲೆಯ ಮೂಲೆಯಲ್ಲಿ ರಾಗಿಕಲ್ಲು ತಿರುಗುತ್ತಿತ್ತು. ಒಂದು ಕಡೆ ಮೇಷ್ಟ್ರ ಮಗಳು ತೀರ್ಥಮ್ಮ. ಗಂಡ ತೀರಿದ ಮೇಲೆ ತೌರಿಗೆ ಬಂದು ತಂದೆಯ ಮನೆ ನೋಡಿಕೊಳ್ಳುತ್ತಿದ್ದವಳು. ಅಪ್ಪನ ಹತ್ತಿರ ಇಂಗ್ಲಿಷು ಓದುವುದನ್ನೂ ಕಲಿತಿದ್ದಳು. ದೇವೀರಪ್ಪನಿಗೆ ಅವಳು ಒಡಹುಟ್ಟಿದ ತಂಗಿಯ ಸಮ. ಅವಳೆದುರಿಗೆ ಗೂಟ ಹಿಡಿದು ಕೂತವಳು ದೇವೀರಪ್ಪನ ಹೆಂಡತಿ ಹುಚ್ಚಮ್ಮ.

ಪಾಠಕ್ಕೆ ಮೇಷ್ಟ್ರು ಕಾಸು ಮುಟ್ಟುತ್ತಿರಲಿಲ್ಲ. “ಹಂಗಾದ್ರೆ ನಿಮ್ಮ ಮನೆ ರಾಗಿ ನಾನು ಬೀಸಿಕೊಡ್ತೀನಿ” ಎಂದು ಹುಚ್ಚಮ್ಮ ಮೊದಲ ದಿನವೇ ಬಂದು ಕಲ್ಲಿನ ಮುಂದೆ ಕೂತುಬಿಟ್ಟಿದ್ದಳು. ಆರು ತಿಂಗಳಾಯಿತು, ಒಂದು ದಿನವೂ ತಪ್ಪಿಸಿರಲಿಲ್ಲ. ಇಂಥ ದಿನವೂ ಬಂದಿದ್ದಳು. ಅವಳ ಸ್ವಭಾವವೇ ಹಾಗೆ. ಮನಸ್ಸಿಗೆ ಕಷ್ಟವಾದರೆ ಕೈಗೆ ಕೆಲಸ ಬೇಕು.

ಗಂಡಹೆಂಡತಿಗೆ ಮದುವೆಯಾಗಿ ಇಪ್ಪತ್ತು ವರ್ಷ. ಮಕ್ಕಳಿರಲಿಲ್ಲ. ಊರವರು ಆಡಿಕೊಳ್ಳುವಷ್ಟು ಅನ್ಯೋನ್ಯ. ಶಿವನಿಯಿಂದ ಬರುವಾಗ ಅವಳಿಗೆ ಕಡ್ಲೆಪುರಿ ತರುವುದನ್ನು ಈ ದಫೇದಾರ ಎಂದೂ ಮರೆತವನಲ್ಲ. ಪುಟ್ ಬೇಕಾದರೆ ಮರೆಯಲಿ.

ಕಲ್ಲಿನ ಜೊತೆಗೆ ಹುಚ್ಚಮ್ಮ ಏನೋ ಗುನುಗುತ್ತಿದ್ದಳು. ರಾಗಿ ಬೀಸುವ ಪದದ ಧಾಟಿ. ದೇವೀರಪ್ಪ ಸುಮ್ಮನೆ ಕಿವಿಗೊಟ್ಟ. ಮಾತು ಮಾತ್ರ ಪದದ ಮಾತಲ್ಲ.

ಅವನು ಎದ್ದು ಹೊಸಿಲ ಬಳಿಗೆ ಹೋದ. “ಏನೇ ಅದು ಹೇಳ್ತಿರೋದು?”

“ಯಾವ್ದು?”

“ಟೈಡ್ ಅಪ್ಪೋ ಏನೋ ಅಂದ್ಯಲ್ಲ.”

ಹುಚ್ಚಮ್ಮನ ಮುಖ ಕೆಂಪಾಯಿತು. “ಮೇಷ್ಟ್ರು ಮೂರು ಮೂರು ಸಲ ಹೇಳ್ತಾರೆ. ಕಲ್ಲೂ ತಿರುಗ್ತಿರುತ್ತೆ. ಕಿವಿಗೆ ಬಿದ್ದಿದ್ದು ಬಾಯಿಗೆ ಬತ್ತದೆ. ನಾನೇನ್ ಮಾಡ್ಲಿ.”

“ಭಾನುವಾರದ್ದು ಹೇಳು ನೋಡಾಣ. ಕರು ಕಟ್ಟಿದ್ದು.”

ಅವಳು ತೀರ್ಥಮ್ಮನ ಕಡೆ ನೋಡಿ ನಾಚಿಕೊಂಡಳು. ಆಮೇಲೆ ಕಲ್ಲಿಗೆ ಕೈ ಕೊಟ್ಟು ಶುರು ಮಾಡಿದಳು. ದಿ ಕಾಫ್ ವಾಸ್ ಟೈಡ್ ಅಪ್ಪು. ದಿ ಬಾರ್ಬರ್ ವಾಸ್ ಸೆಂಟ್ ಅವೇ. ಒಂದೊಂದು ಸುತ್ತಿಗೆ ಒಂದೊಂದು. ದೇವೀರಪ್ಪ ಪುಸ್ತಕ ಬಿಚ್ಚಿ ಬೆರಳಿಟ್ಟು ಹಿಂಬಾಲಿಸಿದ. ಏಳಕ್ಕೆ ಏಳು. ಒಂದು ಅಕ್ಷರ ಆಚೆ ಈಚೆ ಇಲ್ಲ.

ಆರು ತಿಂಗಳು ಬೆತ್ತದಂತೆ ಬಾಗಿ ಕಲಿತವನು ಇವನು. ಇಂಗ್ಲಿಷು ಬಂದಿದ್ದು ರಾಗಿ ಬೀಸಿದವಳಿಗೆ.

“ಅಯ್ಯೋ ನಿನ್ನ,” ಅಂದ ದೇವೀರಪ್ಪ. “ಪರೀಕ್ಷೆಗೆ ನಿನ್ನೇ ಕೂರಿಸ್ಬೇಕಾಗಿತ್ತು.”

“ಅರ್ಥ ಗೊತ್ತಿಲ್ಲ ಕಣ್ರೀ ಒಂದಕ್ಕೂ.”

“ನನಗೂ ಅಷ್ಟೇ ತಾನೆ. ಸೋಮವಾರದ್ದು ಹೇಳು ಹುಚ್ಚಿ. ಮಂಗಳವಾರ ಬೆಳಿಗ್ಗೆ ಮೇಷ್ಟ್ರು ಬರೆದು ಓದಿದ್ದು. ನೀನು ಬೀಸ್ತಿದ್ದೆ ತಾನೆ?”

ಕಲ್ಲು ನಿಂತಿತು. ನಿಲ್ಲಿಸಿದ್ದು ತೀರ್ಥಮ್ಮನ ಕೈ.

“ಅತ್ತಿಗೆ, ಸಾಕು ಬಿಡಿ, ಹಿಟ್ಟು ನುಣ್ಣಗಾಯ್ತು,” ಅಂದಳು ತೀರ್ಥಮ್ಮ.

“ಇನ್ನೂ ಕಾಳೈತಲ್ಲ ತೀರ್ಥಮ್ಮ,” ಅಂದ ದೇವೀರಪ್ಪ. ದನಿ ಮೆತ್ತಗೇ ಇತ್ತು. “ಹೇಳೇ. ಮೇಷ್ಟ್ರ ಮಾನದ ಪ್ರಶ್ನೆ.”

ಹುಚ್ಚಮ್ಮ ಗಂಡನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಬ್ಬಳೇ ಕಲ್ಲು ತಿರುಗಿಸುತ್ತಾ ಹೇಳಿದಳು.

ದಿ ಬಾಕ್ಸ್ ವಾಸ್ ಟೇಕನ್ ಡೌನ್. ದಿ ಡಸ್ಟ್ ವಾಸ್ ವೈಪ್ಡ್ ಆಫ್. ದಿ ವೈಟ್ ಕ್ಲಾತ್ ವಾಸ್ ಸ್ಪ್ರೆಡ್ ಔಟ್. ದಿ ಪ್ಲೇಟ್ ವಾಸ್ ಟೇಕನ್ ಔಟ್. ಇಟ್ ವಾಸ್ ರ್‍ಯಾಪ್ಡ್ ಅಪ್. ಇಟ್ ವಾಸ್ ಹ್ಯಾಂಡೆಡ್ ಓವರ್.

ದೇವೀರಪ್ಪ ಜೇಬಿನ ಸೀಸದ ಕಡ್ಡಿ ತೆಗೆದು ಕನ್ನಡದಲ್ಲೇ ಗೀಚಿಕೊಂಡ. ಪೆಟ್ಟಿಗೆ ಕೆಳಗಿಳಿಸಿದರು. ಧೂಳು ಒರೆಸಿದರು. ಬಿಳಿ ಬಟ್ಟೆ ಹಾಸಿದರು. ಶಾಸನ ಈಚೆಗೆ ತೆಗೆದರು. ಸುತ್ತಿದರು. ಕೊಟ್ಟರು. ಬೇರೆ ದಿನವಾಗಿದ್ದರೆ ಇಷ್ಟು ಸಲೀಸಾಗಿ ಅರ್ಥವಾದದ್ದಕ್ಕೆ ಮೇಷ್ಟ್ರ ಮುಂದೆ ಹೋಗಿ ಬೀಗುತ್ತಿದ್ದ.

“ಆರೇ ಆಯ್ತಲ್ಲ. ಏಳನೇದು?”

“ಅವತ್ತು ಆರೇ,” ಅಂದಳು ಹುಚ್ಚಮ್ಮ. ರಾಗಿ ತುಂಬಲು ಬಗ್ಗಿದಳು.

ಅಷ್ಟರಲ್ಲಿ ಜಗಲಿಯಲ್ಲಿ ಜೋಡು ಬಿಟ್ಟ ಸದ್ದು. ಮಠದ ಪಾರುಪತ್ಯಗಾರ ಮಲ್ಲಿಕಾರ್ಜುನಪ್ಪ ಬಂದಿದ್ದರು. ಮಠದ ಆಸ್ತಿಪಾಸ್ತಿ ನೋಡಿಕೊಳ್ಳುವವರು; ಶಾಸನವನ್ನು ಇಂಗ್ಲಿಷಿಗೆ ಇಳಿಸಿಕೊಡಿ ಎಂದು ತಂದು ಮೇಷ್ಟ್ರ ಕೈಗಿಟ್ಟವರೂ ಅವರೇ, ಮೇಷ್ಟ್ರೇ ಅದನ್ನು ಜಮೀನಿನ ವ್ಯಾಜ್ಯದ ಎದುರು ಕಡೆಯವರಿಗೆ ದಾಟಿಸಿದರು ಎಂದು ಫಿರ್ಯಾದು ಬರೆದುಕೊಟ್ಟವರೂ ಅವರೇ. ಮಠಕ್ಕೆ ಕೆರೆ ಹಿಂದಿನ ಜಮೀನು ಸೇರಿದ್ದು ಎಂಬುದಕ್ಕೆ ಆ ಶಾಸನವೊಂದೇ ಸಾಕ್ಷಿ. ನಾಳೆ ಅಮಲ್ದಾರರ ಮುಂದೆ ವಿಚಾರಣೆ.

“ಇನ್ನೂ ಹೊರಟಿಲ್ವೇ ದಫೇದಾರ್ರೇ? ಗುರುಗಳ ಮನೇಲಿ ಉಪಚಾರ ಜೋರಾಗಿದೆಯೋ?”

“ಬನ್ನಿ ಸ್ವಾಮಿ, ಕೂತ್ಕಳಿ. ಒಂದು ಮಾತು ಕೇಳ್ಬೇಕಾಗಿತ್ತು.”

ಮಲ್ಲಿಕಾರ್ಜುನಪ್ಪ ಮೇಷ್ಟ್ರಿಂದ ದೂರಕ್ಕೆ, ಜಗಲಿಯ ಆ ತುದಿಗೆ ಕೂತರು. ಒಂದು ಕಾಲದಲ್ಲಿ ಅದೇ ಜಗಲಿಯಲ್ಲಿ ಇಬ್ಬರೂ ಪಗಡೆಯಾಡುತ್ತಿದ್ದರು. ಈಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಮಠದ ಶಾಸನ ಪೆಟ್ಟಿಗೆಯಿಂದ ಈಚೆಗೆ ತೆಗೀಬೇಕಾದ್ರೆ ಏನು ಕ್ರಮ ಸ್ವಾಮಿ?”

“ಕ್ರಮ ಏನು? ಕೈ ತೊಳೀಬೇಕು. ಪಾವಡ ಹಾಸ್ಬೇಕು. ಅದರ ಮೇಲೇ ಇಡ್ಬೇಕು, ಅದರಲ್ಲೇ ಸುತ್ಬೇಕು. ಬರೀ ನೆಲಕ್ಕೆ ತಾಗಿಸೋದುಂಟೆ?”

“ಪಾವಡ ಅಂದ್ರೆ ಬಿಳಿ ಬಟ್ಟೆ.”

“ಮಡಿ ಮಾಡಿದ ಬಿಳಿ ಬಟ್ಟೆ. ಯಾಕೆ?”

“ಇದು ಊರಿಗೆಲ್ಲ ಗೊತ್ತಿರೋ ಸಂಗತಿಯೋ?”

“ಊರಿಗ್ಯಾಕೆ ಗೊತ್ತಿರುತ್ತೆ. ಮಠದಲ್ಲಿ ನಡೆದುಕೊಳ್ಳೋರಿಗೆ ಗೊತ್ತು.”

ದೇವೀರಪ್ಪ ಚೀಟಿಯನ್ನು ತೊಡೆಯ ಮೇಲೆ ಹರವಿಕೊಂಡ. ಮನಸ್ಸಿನಲ್ಲಿ ಗೆದ್ದಂತೆ ಅನ್ನಿಸಿತ್ತು. ಇಪ್ಪತ್ತು ವರ್ಷದಲ್ಲಿ ಎಷ್ಟೋ ಕಳ್ಳರನ್ನು ನೋಡಿದ್ದ. ಕದ ಮುರಿಯುವವರು, ಮಾಡಿನ ಹೆಂಚು ತೆಗೆಯುವವರು, ದೇವರ ಒಡವೆಯನ್ನೇ ಕದ್ದು ಆಮೇಲೆ ಗಲ್ಲ ಗಲ್ಲ ಬಡಿದುಕೊಳ್ಳುವವರು. ಕದಿಯುವ ಮೊದಲು ಧೂಳು ಒರೆಸಿ ಬಟ್ಟೆ ಹಾಸಿದವರನ್ನು ನೋಡಿರಲಿಲ್ಲ.

“ಸೋಮವಾರ ಈ ಮನೇಲಿ ಪೆಟ್ಟಿಗೆ ಇಳಿಸವ್ರೆ. ಬಿಳಿ ಬಟ್ಟೆ ಹಾಸವ್ರೆ. ಅದರಾಗೇ ಸುತ್ತವ್ರೆ. ಎದುರು ಕಡೆಯೋರಿಗೆ ಮಾರೋನು ಹಳೇ ಗೋಣಿಚೀಲದಾಗೆ ತುರುಕ್ಕೊಂಡು ಓಡ್ತಿದ್ದ ಸ್ವಾಮಿ. ಇದನ್ನ ತಗೊಂಡೋರು ಮಠದೋರು. ಸೋಮವಾರ ನೀವು ಎಲ್ಲಿದ್ರಿ?”

ಮಲ್ಲಿಕಾರ್ಜುನಪ್ಪ ರೇಗಲಿಲ್ಲ. ಆಶ್ಚರ್ಯದಿಂದ ಅವನನ್ನೇ ನೋಡಿದರು.

“ಯಗಟೀಲಿ. ನಮ್ಮ ಮೈದುನ ಪಂಚಾಕ್ಷರಪ್ಪನ ಮನೆ ಗೃಹಪ್ರವೇಶ. ಮುನ್ನೂರು ಎಲೆ ಬಿತ್ತು. ಬೆಳಗಿನಿಂದ ದೀಪ ಹಚ್ಚೋ ತನಕ ನಾನೇ ನಿಂತು ಬಡಿಸಿದೀನಿ. ಕೇಳಿಸಿ ಬೇಕಾದ್ರೆ.”

“ನಿಮ್ಮ ಕಡೆಯೋರು ಇನ್ಯಾರಾದ್ರೂ...”

“ನಮ್ಮ ಕಡೆಯೋರೆಲ್ಲ ಯಗಟೀಲೇ ಇದ್ರು. ಅಲ್ಲಪ್ಪಾ ದಫೇದಾರ, ನೀನು ಬುದ್ಧಿವಂತ ಅಂದ್ಕೊಂಡಿದ್ದೆ. ಪಾವಡ ಹಾಸೋದು ಗೊತ್ತಿರೋ ಮನೆ ಈ ಬೀದೀಲಿ ಇನ್ನೊಂದಿದೆ. ನೀನು ಕೂತಿರೋ ಮನೆ.”

ದೇವೀರಪ್ಪ ತೊಡೆಯ ಮೇಲಿನ ಚೀಟಿ ಮಡಿಸಿದ.

“ಮೇಷ್ಟ್ರ ತಂದೆ ಮಠದ ಪಾಠಶಾಲೇಲಿ ಬೆಳೆದೋರು. ಹಾಸಿದ್ದು ಇವರೇ, ಸುತ್ತಿದ್ದು ಇವರೇ, ಕೊಟ್ಟಿದ್ದೂ ಇವರೇ. ಅದನ್ನ ಇಷ್ಟು ಹೊತ್ತು ಕಷ್ಟಪಟ್ಟು ನೀನೇ ಸಾಬೀತು ಮಾಡ್ದೆ. ನನ್ನ ಫಿರ್ಯಾದಿಗೆ ಸಾಕ್ಷಿ ಇರ್ಲಿಲ್ಲ, ಈಗ ಸಿಕ್ತು.”

ಮೇಷ್ಟ್ರನ್ನು ಉಳಿಸಲೆಂದು ತೋಡಿದ ಹಳ್ಳ ಮೇಷ್ಟ್ರ ಕಾಲಡಿಗೇ ಬಂದಿತ್ತು. ದೇವೀರಪ್ಪನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಸುಮ್ಮನಿದ್ದಿದ್ದರೆ ಬರೀ ಅನುಮಾನ ಇರುತ್ತಿತ್ತು.

ಮೇಷ್ಟ್ರು ನಿಧಾನವಾಗಿ ಎದ್ದು ನಿಂತರು. ಎರಡೂ ಕೈ ಮುಂದೆ ಚಾಚಿದರು. “ಮಲ್ಲಿಕಾರ್ಜುನಪ್ಪ ಹೇಳೋದು ಸರಿ. ನಾನೇ ಕೊಟ್ಟೆ. ಕಟ್ಟಪ್ಪಾ ದೇವೀರ.”

“ಯಾರಿಗೆ ಕೊಟ್ರಿ?”

“ಅದು ಮರೆತೆ.”

“ಮೇಷ್ಟ್ರೇ, ನಿಮ್ಮ ಕಾಲು ಹಿಡ್ಕತೀನಿ. ಹೆಸರು ಹೇಳಿ. ಅವನ ಹೆಸರು ಹೇಳಿದ್ರೆ ನಿಮ್ಮನ್ನ ಬಿಡಿಸ್ತೀನಿ.”

“ಅದಕ್ಕೇ ಹೇಳೋದಿಲ್ಲ,” ಅಂದರು ಮೇಷ್ಟ್ರು.

ಆ ಮಾತು ಏನೆಂದು ದೇವೀರಪ್ಪನಿಗೆ ಆಗ ಹೊಳೆಯಲಿಲ್ಲ. ಹೊಸಿಲಿನ ಮೇಲೆ ತೀರ್ಥಮ್ಮ ಬಂದು ನಿಂತಿದ್ದಳು. ಕಣ್ಣು ತುಂಬಿತ್ತು. ಅವಳ ಹಿಂದೆ ಹುಚ್ಚಮ್ಮ, ಮೊಳಕೈವರೆಗೆ ಹಿಟ್ಟು.

“ಹಾಳೆ ಹರಿದಿದ್ದು ನಾನು ದೇವೀರಣ್ಣ,” ಅಂದಳು ತೀರ್ಥಮ್ಮ. “ಅಪ್ಪನ್ನ ಕಟ್ಬೇಡ. ಪಾವಡ ಹಾಸಿದ್ದೂ ನಾನೇ.”

“ತೀರ್ಥಾ, ಒಳಗೆ ಹೋಗು,” ಅಂದರು ಮೇಷ್ಟ್ರು.

“ಇಲ್ಲಪ್ಪ. ಮೂರು ದಿನದಿಂದ ಬಾಯಿ ಕಟ್ಕೊಂಡು ಸಾಕಾಗಿದೆ. ಈ ವಯಸ್ಸಲ್ಲಿ ನಿಮ್ಮನ್ನ ಜೈಲಿಗೆ ಕಳಿಸಿ ನಾನು ಯಾರಿಗೆ ಮುದ್ದೆ ಕಟ್ಟಲಿ?” ಅವಳು ಸೆರಗಿನ ಗಂಟು ಬಿಚ್ಚಿ ಎರಡು ಕಾಗದ ತೆಗೆದಳು. ಒಂದು ಪಾಠದ ಪುಸ್ತಕದ ಹಾಳೆ. ಇನ್ನೊಂದು ನಾಲ್ಕಾಗಿ ಮಡಿಸಿದ ಚೀಟಿ. “ಸೋಮವಾರ ಮಧ್ಯಾಹ್ನ ಒಬ್ಬ ಬಂದ. ಪೊಲೀಸಿನ ಪೇಟ. ಮುಖ ಹೊಸದು. ಈ ಚೀಟಿ ಕೊಟ್ಟ. ನೀನು ಕಳಿಸಿದೀಯ ಅಂದ.”

“ನಾನೇ?”

“ಶಾಸನ ಕದಿಯೋಕೆ ಹೊಂಚು ಹಾಕ್ತಿದಾರೆ, ಠಾಣೆ ಪೆಟ್ಟಿಗೇಲಿ ಭದ್ರವಾಗಿಡ್ತೀನಿ, ಇವನ ಕೈಲಿ ಕೊಟ್ಟು ಕಳಿಸಿ ಅಂತ ಬರೆದಿತ್ತು. ನೀನು ಕೇಳಿದೀಯ ಅಂದ್ಮೇಲೆ ನಾವು ಹಿಂದೆ ಮುಂದೆ ನೋಡ್ತೀವಾ? ಪೆಟ್ಟಿಗೆ ಇಳಿಸಿದ್ವಿ. ಕೊಟ್ವಿ.”

ದೇವೀರಪ್ಪ ಪುಸ್ತಕದ ಹಾಳೆಯನ್ನು ಈಸಿಕೊಂಡ. ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ ಏಳು ವಾಕ್ಯ. ಮೊಟ್ಟಮೊದಲಿನದು ಹುಚ್ಚಮ್ಮ ಹಾಡದೆ ಬಿಟ್ಟದ್ದು. ದಿ ಪ್ಲೇಟ್ ವಾಸ್ ಸೆಂಟ್ ಫಾರ್ ಬೈ ದಿ ದಫೇದಾರ್. ಶಾಸನವನ್ನು ದಫೇದಾರ ತರಿಸಿಕೊಂಡ.

ಹುಚ್ಚಮ್ಮನಿಗೆ ಇಂಗ್ಲಿಷು ಬಾರದು. ದಫೇದಾರ ಎಂಬ ಮಾತು ಯಾವ ಭಾಷೆಯಲ್ಲಿ ಬಂದರೂ ಅವಳಿಗೆ ಗೊತ್ತು.

“ಬುಧವಾರ ಮಠದೋರು ಬಂದು, ಪೆಟ್ಟಿಗೆ ಬರಿದಾಗಿರೋದು ನೋಡಿ, ಶಾಸನ ಕಳುವಾಯ್ತು ಅಂತ ಗದ್ದಲ ಎಬ್ಬಿಸಿದಾಗ ನೀನೂ ಬಂದು ಏನೂ ಗೊತ್ತಿಲ್ದೋನ ಹಂಗೆ ಹುಡುಕೋಕೆ ನಿಂತೆ,” ಅಂದಳು ತೀರ್ಥಮ್ಮ. “ನಮ್ಮೆದೆ ಒಡೀತು ಅಣ್ಣ. ಬಡ್ತಿ ಆಸೆ ತೋರಿಸಿ ಯಾರೋ ಮಾಡಿಸಿದಾರೆ, ನೀನು ಸಿಕ್ಕಿಹಾಕ್ಕೊಂಡಿದೀಯ ಅಂದ್ಕೊಂಡ್ವಿ. ನಿನ್ನ ಕೇಳೋಕೆ ಭಯ. ನೀನು ಹೌದು ಅಂದ್ಬಿಟ್ರೆ? ಅದಕ್ಕೇ ಹಾಳೆ ಹರಿದೆ.”

ದೇವೀರಪ್ಪ ಮೇಷ್ಟ್ರ ಕಡೆ ತಿರುಗಿದ. “ಮರೆತೆ ಅಂದ್ರಲ್ಲ ಮೇಷ್ಟ್ರೇ.”

“ಏನೇನೋ ಮರೀತೀನಿ ಕಣೋ. ಸ್ನಾನ ಆಯ್ತೋ ಇಲ್ವೋ ಅದೂ ಮರೀತೀನಿ,” ಅಂದರು ಮೇಷ್ಟ್ರು. “ಇದೊಂದು ಮರೀಲಿಲ್ಲ. ನನಗೆ ಇನ್ನೆಷ್ಟು ದಿನ? ನೀನು 'ಪುಟ್' ಕಲೀಬೇಕು, ಜಮಾದಾರ ಆಗ್ಬೇಕು.”

ಜಗಲಿಯ ಮೇಲೆ ಅಷ್ಟು ದೊಡ್ಡ ದಫೇದಾರ, ಬೆಲ್ಟು ಬಿಗಿದವನು, ಮಗುವಿನ ಹಾಗೆ ಅತ್ತುಬಿಟ್ಟ. ಇವರನ್ನು ಉಳಿಸಲು ತಾನು ಒದ್ದಾಡುತ್ತಿದ್ದರೆ ಇವರು ತನ್ನನ್ನು ಉಳಿಸಲು ಜೈಲಿಗೆ ಹೊರಟು ನಿಂತಿದ್ದರು. ಅದೂ ತಾನು ಕಳ್ಳನೆಂದು ನಂಬಿಕೊಂಡೇ.

“ನಾನು ಕಳಿಸಿಲ್ಲ ಮೇಷ್ಟ್ರೇ,” ಅಂದ. “ನಿಮ್ಮಾಣೆ. ಯಾರನ್ನೂ ಕಳಿಸಿಲ್ಲ.”

ಮೇಷ್ಟ್ರ ಮುಖ ಅರಳಿತು. ಬಡಪಾಯಿ ಮುದುಕನಿಗೆ ಅಷ್ಟೇ ಸಾಕಾಗಿತ್ತು. ಮಲ್ಲಿಕಾರ್ಜುನಪ್ಪನವರಿಗೆ ಸಾಕಾಗಲಿಲ್ಲ. ಅವರು ಎದ್ದು ಬಂದು ತೀರ್ಥಮ್ಮನ ಕೈಯ ಚೀಟಿ ತೆಗೆದುಕೊಂಡು, ಬಿಡಿಸಿ, ದೇವೀರಪ್ಪನ ಕಣ್ಣ ಮುಂದೆ ಹಿಡಿದರು.

“ಅಳೋದೆಲ್ಲ ಆಮೇಲೆ. ಚೀಟಿ ಮೇಲಿನ ಬರಹ ಯಾರದೋ ಗುಮಾಸ್ತನದು, ನೀಟಾಗಿದೆ, ನಿನ್ನದಲ್ಲ ಅಂತ ನಾನೂ ಬಲ್ಲೆ. ಅಡಿಯಲ್ಲಿ ರುಜು ಇದೆ, ನೋಡು. ನಿನ್ನದು ಹೌದೋ ಅಲ್ವೋ? ಅಲ್ಲ ಅಂದ್ರೆ ಇದು ಈ ಮನೇಲೇ ಹುಟ್ಟಿದ ಚೀಟಿ. ಅಪ್ಪ ಮಗಳು ಇಬ್ರನ್ನೂ ರೈಲಿಗೆ ಹತ್ತಿಸ್ತೀನಿ.”

ದೇವೀರಪ್ಪ ಕಣ್ಣೊರೆಸಿಕೊಂಡು ನೋಡಿದ.

ಇಂಗ್ಲಿಷಿನಲ್ಲಿ ತನ್ನ ಹೆಸರು. ಮೊದಲ ಅಕ್ಷರದ ಹೊಟ್ಟೆ ಅಳತೆ ಮೀರಿ ಉಬ್ಬಿದೆ, ಕೊನೆಯ ಬಾಲ ಬಲಕ್ಕೆ ಎಳೆದು ಕೆಳಕ್ಕೆ ಬಿದ್ದಿದೆ. ಯಾರೂ ಅದನ್ನು ನಕಲು ಮಾಡಿದ್ದಲ್ಲ. ತಾನೇ ಹಾಕಿದ್ದು. ಠಾಣೆಯ ಗೆರೆ ಕಾಗದ ಕೂಡ ಗುರುತು ಹತ್ತಿತು.

ಯುಗಾದಿಯ ಸುಮಾರಿಗೆ ಮೇಷ್ಟ್ರು ಇಂಗ್ಲಿಷ್ ರುಜು ಕಲಿಸಿದ್ದರು. ಹಾಳೆಯ ಅಡಿಯಲ್ಲಿ ಹಾಕುವುದು ಅಭ್ಯಾಸವಾಗಲಿ ಎಂದು ಮನೆಯಲ್ಲಿ ಕೂತು ಹನ್ನೆರಡು ಖಾಲಿ ಹಾಳೆಗಳ ಅಡಿಗೆ ಒಂದೊಂದು ರುಜು ಹಾಕಿದ್ದ. ಖಾಲಿ ಹಾಳೆಗೆ ರುಜು ಹಾಕಿ ಬಿಡಬಾರದೆಂಬುದು ಪೊಲೀಸಿನವನಿಗೆ ಗೊತ್ತಿರದ ಸಂಗತಿಯೇ? ಅದಕ್ಕೇ ಅಷ್ಟನ್ನೂ ಸುರುಳಿ ಸುತ್ತಿ, ಒಲೆಗೆ ಹಾಕು ಎಂದು ಕೊಟ್ಟಿದ್ದ.

ಕೊಟ್ಟದ್ದು ಹುಚ್ಚಮ್ಮನ ಕೈಗೆ. ಅದರಲ್ಲೊಂದು ಹಾಳೆ ಒಲೆ ಸೇರದೆ ಯಾರದೋ ಕೈ ಸೇರಿತ್ತು.

ಅವನು ತಲೆ ಎತ್ತಿದ. ಹುಚ್ಚಮ್ಮ ಚೀಟಿಯನ್ನು ನೋಡುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಹಿಟ್ಟಿನ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಳು, ತುಟಿ ಬಿಚ್ಚಿದಳು. “ಏನೂಂದ್ರೆ, ಆ ಕಾಗ್ದ ನಾನು...”

“ರುಜು ನಂದೇ ಸ್ವಾಮಿ,” ಅಂದ ದೇವೀರಪ್ಪ, ಅವಳ ಮಾತು ಮುಗಿಯುವ ಮೊದಲೇ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಸೊಂಟದ ಬೆಲ್ಟು ಬಿಚ್ಚಿ ಜಗಲಿಯ ಮೇಲಿಟ್ಟ. “ಬರ್ಕಳಿ. ಮೇಷ್ಟ್ರ ಮನೆಯೋರದ್ದು ಏನೂ ತಪ್ಪಿಲ್ಲ. ಎರಡು ಗಂಟೆ ರೈಲಿಗೆ ನಾನು ಬತ್ತೀನಿ.”

ಹುಚ್ಚಮ್ಮ ಏನು ಹೇಳಹೊರಟಿದ್ದಳೋ ಅದನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ.